ಹಿಂದಿನ ಸ್ವಿಚ್

೧೫ ಅಕ್ಟೋಬರ್ ೧೯೯೧

ಪಾರ್ಲೆಯಿಂದ ಜೋಗೇಶ್ವರಿ ಲೋಕಲ್ ರೈಲಿನಲ್ಲಿ ಎರಡೇ ಸ್ಟೇಷನ್. ಒಂದು ಸಣ್ಣ ಪದ್ಯಕ್ಕೆ ಸಾಕು, ನಿಂತೇ ಓದಬೇಕು. ಇವತ್ತು ಕೊನೆಯ ಸಾಲಿಗೆ ಮುಂಚೆ ಇಳಿಯಬೇಕಾಯಿತು.

ರಟ್ಟಿನ ಡಬ್ಬಿ ಕಾರ್ಖಾನೆಯ ಆಫೀಸಿನಲ್ಲಿ ಪದ್ಯ ಎಲ್ಲಿಯದು. ಎಲ್ಲ ಗಿರಾಕಿ ಪಾರ್ಟಿಗಳಿಗೂ ಒಂದೇ ಪತ್ರ, ಹೆಸರು ಮಾತ್ರ ಬೇರೆ. ಟೈಪ್‌ರೈಟರಿನಲ್ಲಾದರೆ ಸಂಜೆಯಾಗುತ್ತಿತ್ತು. ಕಂಪ್ಯೂಟರಿನಲ್ಲಿ ಊಟಕ್ಕೆ ಮುಂಚೆ ಮುಗಿಯಿತು. ನಾಣಿ ಬೆನ್ನ ಹಿಂದೆ ನಿಂತಿದ್ದ. ನಮ್ಮ ಸಾಹೇಬರು ಕೇಶವಮೂರ್ತಿಯವರ ತಂಗಿಯ ಮಗ, ಕಂಪ್ಯೂಟರ್ ಕ್ಲಾಸಿನ ಸರ್ಟಿಫಿಕೇಟ್ ಇದೆ, ಕೆಲಸ ಇಲ್ಲ.

"ಆಂಟಿ, ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ?"

"ಇದೇ ನನ್ನ ಕಾಲ ಕಣಪ್ಪ. ಪಕ್ಕಕ್ಕೆ ಸರಿ, ಬೆಳಕು ಬಿಡು."

ನಲವತ್ತೆಂಟನೆಯ ವಯಸ್ಸಿನಲ್ಲಿ ಕಲಿತದ್ದು. ಯಾರೂ ಕಲಿಸಲಿಲ್ಲ. ಊಟದ ಹೊತ್ತಿನಲ್ಲಿ ಮ್ಯಾನುಯಲ್ ಓದಿ ಓದಿ... ಪದ್ಯ ಓದುವ ಹಾಗೆಯೇ. ಅರ್ಥವಾಗದಿದ್ದರೆ ಇನ್ನೊಮ್ಮೆ.

೧೯ ಅಕ್ಟೋಬರ್, ಶನಿವಾರ

ಹಬ್ಬದ ರಜೆ ಮುಗಿಸಿ ಬಂದೆ. ಆಯುಧಪೂಜೆಯ ಕುಂಕುಮ, ಚೆಂಡುಹೂ ಹಾಗೆಯೇ ಇದ್ದವು ಕಂಪ್ಯೂಟರಿನ ಮೇಲೆ. ಹೂ ಎತ್ತಿಟ್ಟು ಸ್ವಿಚ್ ಹಾಕಿದೆ.

ಟಪ್! ಒಲೆಯಲ್ಲಿ ಹುಣಸೆಬೀಜ ಸಿಡಿದ ಹಾಗೆ. ಹಿಂದಿನಿಂದ ಹೊಗೆ. ಪ್ಲಗ್ ಕಿತ್ತು ಕಿಟಕಿ ತೆಗೆದೆ.

ಕೇಶವಮೂರ್ತಿಯವರು ಕ್ಯಾಬಿನ್ನಿನಿಂದ ಓಡಿ ಬಂದರು. "ಏನ್ ಮಾಡಿದ್ರಿ ವನಮಾಲಾ?"

ಏನಾಯ್ತು ಅಲ್ಲ. ಏನ್ ಮಾಡಿದ್ರಿ.

ಮಧ್ಯಾಹ್ನ ಕಂಪ್ಯೂಟರ್ ಮಾರಿದವರ ಎಂಜಿನಿಯರ್ ಬಂದ. ಮುಚ್ಚಳ ಕೂಡ ತೆಗೆಯಲಿಲ್ಲ. ಬಗ್ಗಿ ಮೂಸಿ ನೋಡಿ, "ಮದರ್‌ಬೋರ್ಡ್ ಗಯಾ. ಮೇಡಂನೇ ಕುಛ್ ಗಲತ್ ಕಿಯಾ ಹೋಗಾ." ಬೋರ್ಡ್ ಸುಟ್ಟಿದೆ, ತಪ್ಪು ನನ್ನದೇ ಅಂತ ಹೇಳಿ, ಚಹಾ ಕುಡಿದು ಹೊರಟ.

ಸಾಹೇಬರು ದನಿ ಇಳಿಸಿ ಹೇಳಿದರು. "ನೀವು ವಾಪಸ್ ಟೈಪ್‌ರೈಟರಿಗೆ ಹೋಗಿ. ಹೊಸದು ಬಂದ್ಮೇಲೆ ನಾಣಿ ನೋಡ್ಕೊಳ್ತಾನೆ. ಕವಿತೆ ಓದೋರಿಗೆ ಯಾಕೆ ಈ ತಲೆನೋವು?"

"ಬಿಚ್ಚಿ ನೋಡದೆ ಹೋಗಲ್ಲ ಸಾರ್."

"ನೀವು ಬಿಚ್ತೀರಾ?" ನಕ್ಕರು.

೨೧ ಅಕ್ಟೋಬರ್

ಬಿಚ್ಚಿದೆ. ಸ್ಕ್ರೂಡ್ರೈವರ್ ಕೆಳಗಿನ ಕಟಿಂಗ್ ಮಷೀನಿನವರದು. ಹಿಂದಿನ ಸ್ಕ್ರೂಗಳು, ಆಮೇಲೆ ಮುಚ್ಚಳ ಮುಂದಕ್ಕೆ ಜಾರಿತು.

"ಆಂಟಿ, ಶಾಕ್ ಹೊಡಿಯುತ್ತೆ," ನಾಣಿ, ಬಾಗಿಲ ಹತ್ತಿರದಿಂದ.

"ಪ್ಲಗ್ ಶನಿವಾರವೇ ಕಿತ್ತಿದ್ದೀನಿ. ನೀನು ಅಲ್ಲೇ ಇರು."

ಮದರ್‌ಬೋರ್ಡ್ ಹಸಿರಾಗಿ, ತಣ್ಣಗೆ. ಒಂದೂ ಕಪ್ಪು ಕಲೆ ಇಲ್ಲ. ಸುಟ್ಟ ವಾಸನೆ ಮೂಲೆಯ ತಗಡಿನ ಪೆಟ್ಟಿಗೆಯದು, ಗೋಡೆಯ ಕರೆಂಟು ಮೊದಲು ಬಂದು ಸೇರುವ ಪೆಟ್ಟಿಗೆ. ಪವರ್ ಸಪ್ಲೈ. ಅದರ ಬೆನ್ನಲ್ಲಿ ಪುಟ್ಟ ಗುಳಿ, ಗುಳಿಯೊಳಗೆ ಕೆಂಪು ಸ್ವಿಚ್. ಮೇಲೆ 115 ಎಂದು ಕಾಣುತ್ತಿದೆ. ಪಕ್ಕದ ಮಾನಿಟರಿನ ಹಿಂದೆ 230. ಮ್ಯಾನುಯಲ್ಲಿನಲ್ಲೂ ಇದೆ: 115 ಅಮೆರಿಕದ ಕರೆಂಟಿಗೆ, ನಮ್ಮ 230 ಕೊಟ್ಟರೆ ಸುಡುತ್ತದೆ.

ನಾನು ಮುಟ್ಟಿಲ್ಲ. ಹಾಗಾದರೆ ಯಾರು?

ಸೋಮವ್ವ ಕಸ ಹೊಡೆಯುತ್ತ ಬಂದಳು. ಕಲಬುರ್ಗಿ ಕಡೆಯವಳು, ಆಫೀಸು ಗುಡಿಸಿ ಒರೆಸುವುದು ಅವಳೇ. ಸ್ವಿಚ್ ನೋಡಿದಳು.

"ಅದನ್ನ ಬಂದ್ ಮಾಡಿದಾಕಿ ನಾನ ನೋಡ್ರಿ ಅಕ್ಕಾರ. ಪೂಜಾದ ಹಿಂದಿನ ದಿನ. ಉಗುರಿಗೆ ಬರಲಿಲ್ಲ, ಹೇರ್‌ಪಿನ್ ಹಾಕಿ ಸರಿಸಿದೆ."

"ಯಾಕೆ ಸೋಮವ್ವ?"

"ಸಾಹೇಬ್ರು ಹೇಳಿದ್ರಲ್ರೀ, ಹಿಂದಿನ ಸ್ವಿಚ್ ಬಂದ್ ಮಾಡಿ ಒರಸು ಅಂತ. ಹಿಂದ ಇದ್ದದ್ದು ಇದೊಂದ."

ಅವರು ಹೇಳಿದ್ದು ಕಂಪ್ಯೂಟರಿನ ಹಿಂದಿನ ಗೋಡೆಯದು. ಇವಳು ಮಾಡಿದ್ದು ಕಂಪ್ಯೂಟರಿನ ಬೆನ್ನಿನದು. ಎರಡೂ ಹಿಂದಿನದೇ. ತಪ್ಪು ಎಲ್ಲಿದೆ? ಆ ಪದದೊಳಗೆ ಕೂತಿದೆ.

"ನಾನ ಹೇಳ್ತೀನ್ರಿ ಸಾಹೇಬ್ರಿಗೆ," ಅಂದಳು.

"ಮೊದಲು ಇದು ಏಳಲಿ."

೨೩ ಅಕ್ಟೋಬರ್

ನಿನ್ನೆ ರಜೆ ಹಾಕಿ, ಸುಟ್ಟ ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಂಪ್ಯೂಟರಿನ ಬಿಡಿಭಾಗ ಸಿಗುವ ಲ್ಯಾಮಿಂಗ್ಟನ್ ರೋಡಿಗೆ. ಅಂಥದ್ದೇ ಇನ್ನೊಂದು ಸಿಕ್ಕಿತು. ಅಂಗಡಿಯವನು, "ಮೇಡಂ, ಫಿಟ್ ಕೌನ್ ಕರೇಗಾ?" "ಮೈಂ," ಅಂದೆ, ನಾನೇ ಕೂರಿಸುತ್ತೇನೆ ಅಂತ. ನಂಬಲಿಲ್ಲ. ಆದರೂ ಹೇಳಿಕೊಟ್ಟ: ಎರಡು ಕನೆಕ್ಟರ್, ಕಪ್ಪು ತಂತಿ ಕಪ್ಪಿನ ಪಕ್ಕ.

ಇವತ್ತು ಕೂರಿಸಿದೆ. ಕಪ್ಪಿನ ಪಕ್ಕ ಕಪ್ಪು. ಕೆಂಪು ಸ್ವಿಚ್ 230ಕ್ಕೆ ಸರಿಸಿ ಮೇಲೆ ಟೇಪ್ ಅಂಟಿಸಿದೆ. ಸ್ವಿಚ್ ಹಾಕುವಾಗ ಕಣ್ಣು ಮುಚ್ಚಲಿಲ್ಲ.

ಫ್ಯಾನ್ ತಿರುಗಿತು. ಒಂದು ಬೀಪ್. ಹಸಿರು ಅಕ್ಷರಗಳು ಒಂದೊಂದಾಗಿ... ಪತ್ರಗಳೆಲ್ಲ ಇದ್ದವು.

ಸೋಮವ್ವ ಚಪ್ಪಾಳೆ ಹೊಡೆದಳು. ಹೊಡೆದು, ತಡೆಯಲಾರದೆ, ಸಾಹೇಬರ ಎದುರಿಗೇ ಎಲ್ಲ ಹೇಳಿಬಿಟ್ಟಳು. ಹೇರ್‌ಪಿನ್ ಸಮೇತ.

ಕೇಶವಮೂರ್ತಿಯವರು ಒಳಗೆ ಹೋದರು.

೨೪ ಅಕ್ಟೋಬರ್, ಬೆಳಿಗ್ಗೆ

ಕ್ಯಾಬಿನ್ನಿಗೆ ಕರೆದರು. ತುಂಬ ಸಿಹಿಯಾಗಿ. "ಸಾರಿ ಕಣ್ರೀ ವನಮಾಲಾ, ದುಡುಕಿಬಿಟ್ಟೆ. ಕಂಪ್ಯೂಟರ್ ನಿಮ್ಮದೇ. ನಾಣಿ ಸುದ್ದಿ ಬಿಡಿ." ಆಮೇಲೆ, "ಸೋಮವ್ವಂಗೆ ಒಂದು ಮೆಮೋ ಹೊಡೀರಿ. ಅಜಾಗರೂಕತೆ ಅಂತ. ಇವತ್ತಿಂದ ಬರೋದು ಬೇಡ."

"ಹಿಂದಿನ ಸ್ವಿಚ್ ಅಂದದ್ದು ನೀವು."

"ಗೋಡೆದು ಅಂತ ಯಾರಿಗಾದ್ರೂ ಗೊತ್ತಾಗಲ್ವೇನ್ರೀ?"

"ಗೋಡೆ ಅನ್ನೋ ಮಾತು ನಿಮ್ಮ ಬಾಯಿಗೆ ಬರಬೇಕಿತ್ತು."

"ನಿಮ್ಮ ಎಂ.ಎ. ಪಾಂಡಿತ್ಯ ಇಲ್ಲಿ ಬೇಡ. ಮೆಮೋ ಹೊಡೀತೀರೋ, ಟೈಪ್‌ರೈಟರಿಗೆ ಹೋಗ್ತೀರೋ, ನೀವೇ ಹೇಳಿ."

ಹೊರಗೆ ಬಂದೆ. ಕೂತೆ. ಈ ಕುರ್ಚಿ ನನಗೆ ಬೇಕು. ಎಷ್ಟು ಬೇಕು ಅಂದರೆ ಬರೆಯಲು ನಾಚಿಕೆ. ಆದರೆ ಹೀಗೆ ಅಲ್ಲ.

ಹೊಡೆದೆ. ಕಂಪ್ಯೂಟರಿನಲ್ಲೇ, ಆಫೀಸು ಇಂಗ್ಲಿಷಿನಲ್ಲಿ. ಶ್ರೀ ಕೇಶವಮೂರ್ತಿಯವರು ಸೋಮವ್ವನಿಗೆ ಯಾವ ಮಾತು ಹೇಳಿದರೋ ಆ ಮಾತು, ಅಕ್ಷರ ಬಿಡದೆ. ಅವಳು ಅದನ್ನು ಪಾಲಿಸಿದಳು. ಯಂತ್ರ ಸುಟ್ಟಿತು. ಎಂಜಿನಿಯರ್ ಬಿಚ್ಚಿ ನೋಡಲಿಲ್ಲ. ಯಾರನ್ನೂ ಕೆಲಸದಿಂದ ತೆಗೆಯಲು ಇಲ್ಲಿ ಕಾರಣವಿಲ್ಲ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಅವರ ಸಹಿಗೆ ಜಾಗ.

ಪ್ರಿಂಟರ್ ಕಿರುಚುತ್ತ ಅಚ್ಚು ಹಾಕಿತು. ಒಳಗೆ ಕೊಟ್ಟು ಬಂದೆ.

ಸೋಮವ್ವನಿಗೆ ಹೇಳಿದ್ದೇನೆ, ಪೊರಕೆ ಇಡು, ಇಲ್ಲಿ ಸ್ಟೂಲ್ ಮೇಲೆ ಕೂತುಕೋ. "ಸಾಹೇಬ್ರ ಮುಂದ ಕುಂದ್ರೂದೇನ್ರೀ?" ಅಂದಳು. ಕೂತಿದ್ದಾಳೆ. ನಾನು ಇದನ್ನು ಬರೆಯುತ್ತಿದ್ದೇನೆ.

ಕ್ಯಾಬಿನ್ನಿನ ಬೆಲ್. ಇನ್ನೊಮ್ಮೆ. ಅವರೇ ಬರಲಿ.

ಬಾಗಿಲು ತೆಗೆದರು. ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಪೆನ್ನು. ಸೋಮವ್ವ ಏಳಲು ಹೋದಳು, ತೋಳು ಹಿಡಿದು ಕೂರಿಸಿದೆ. ಹತ್ತಿರ ಬಂದರು. ನಾನೂ ಏಳುವುದಿಲ್ಲ, ಅವರ ಸಹಿ ಬೀಳುವ ತನಕ—