ನಮ್ಮ ಊರಿನ ಅಧ್ಯಕ್ಷರು

ಮಂಗಳವಾರ, 10 ಜೂನ್ 2025

ಪದಾಧಿಕಾರಿಗಳ ಪಟ್ಟಿ ಬಂತು. ನನ್ನ ಹೆಸರಿಲ್ಲ.

ಐವರ್ನಾಡಿನ ಮೇದಪ್ಪಣ್ಣ ಪಕ್ಷದ ರಾಜ್ಯಾಧ್ಯಕ್ಷರಾದ ದಿನ ಕಬಕ ಪೇಟೆಯಲ್ಲಿ ‘ನಮ್ಮ ಊರಿನ ಅಧ್ಯಕ್ಷರು’ ಎಂದು ಬ್ಯಾನರ್ ಕಟ್ಟಿದವನು ನಾನು. ಈಗ ಪುತ್ತೂರು, ಸುಳ್ಯ, ಕಡಬ ಎಲ್ಲೂ ಅವರ ಹಳೆಯ ಜೊತೆಗಾರರಿಗೆ ಒಂದು ಹುದ್ದೆಯೂ ಇಲ್ಲ. ಊರಿನವರಿಗೆ ಕೊಟ್ಟರೆ ಪಕ್ಷಪಾತ ಎನ್ನುತ್ತಾರಂತೆ. ಇಪ್ಪತ್ತು ವರ್ಷ ಅವರ ಹಿಂದೆ ತಿರುಗಿದ್ದೇ ನನ್ನ ತಪ್ಪಾಯಿತೇ? ಇನ್ನು ಯಾರ ಮುಂದೆ ಹೋಗಿ ನಿಲ್ಲಲಿ?

ಸಂಜೆ ಮೇದಪ್ಪಣ್ಣನಿಗೆ ಫೋನ್ ಮಾಡಿದೆ. ಯಾವಾಗಲೂ “ಎಂತ ಮಾರಾಯ, ಊಟ ಆಯ್ತಾ?” ಎಂದೇ ಮಾತು ತೆಗೆಯುವವರು ಇವತ್ತು ಬರೀ “ಹಲೋ” ಎಂದರು.

“ಅಣ್ಣ, ನಾನೆಂತ ಮಾಡುದು ಇನ್ನು?”

“ತಾವು ಜಿಲ್ಲಾ ಕಚೇರಿಯನ್ನು ಸಂಪರ್ಕಿಸಿ.”

ನನ್ನ ಮುಖ ನೋಡಿ ಹೆಂಡತಿ ಕೇಳಿದಳು, “ಬೈದ್ರಾ?”

“ಇಲ್ಲ ಮಾರಾಯ್ತಿ. ತಾವು ಅಂದ್ರು.”