ತೂಕಡಿಕೆ ತಾತನ ಭಾಷಣ, ಇಸ್ತ್ರಿಯಿಲ್ಲದೆ

ಜೂನ್ 4, ಬೆಳಿಗ್ಗೆ

ಬಸ್ಸಿಗೆ ಇನ್ನು ಹತ್ತೇ ನಿಮಿಷ. ಬಚ್ಚಲಲ್ಲಿ ಅಕ್ಕನ ಗಂಟಲು ರಿಹರ್ಸಲ್ — "ಮೇಲ್ಮನೆ ನಮಗೆ..." ಜಡೆ ಹೆಣೆಯುತ್ತಿದ್ದವಳು ಕೂಗಿಯೇಬಿಟ್ಟೆ: "ಬೇಡವೇ ಬೇಡ!"

ಹದಿನಾರರಲ್ಲಿ ಅಂಟಿದ ಚಟ. ಮೊದಲರ್ಧ ಅವಳು ಕೂಗಿದರೆ ಉಳಿದರ್ಧ ನನ್ನ ಬಾಯಿಂದ ತಾನೇ ಬೀಳುತ್ತದೆ. ಘೋಷಣೆ ಬರೆದವಳೂ ನಾನೇ.

ಇಬ್ಬರೂ ಒಂದೇ ಬಸ್ಸು. ಅವಳು ಗೇಟಿನ ಹೊರಗೆ ಧರಣಿ. ನಾನು ಒಳಗೆ, ಅದೇ ಮೇಲ್ಮನೆಯಲ್ಲಿ, ಸದಸ್ಯರು ಆಡಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳುವವಳು. ಹನ್ನೊಂದು ವರ್ಷ. ಹೊಟ್ಟೆಪಾಡು.

"ನಿನ್ನ ಅನ್ನಕ್ಕೇ ಕಲ್ಲು ಹಾಕ್ತಿದೀನಲ್ಲೇ, ಸಿಟ್ಟಿಲ್ವಾ?"

"ಹಾಕು. ಗುರಿ ಇಟ್ಟು ಹಾಕು."

ಜೂನ್ 6

ಮೇಲ್ಮನೆ ರದ್ದತಿ ಮಸೂದೆ ಬಂತು. ಹಿಂದೆಯೇ ಸುತ್ತೋಲೆ — ಮನೆ ಮುಚ್ಚಿದರೆ ನಮ್ಮ ವಿಭಾಗವೂ ಬಂದ್.

ತೂಕಡಿಕೆ ತಾತ ಎದ್ದ. ಮೂರನೇ ಸಾಲಿನ ಹಿರಿಯ ಸದಸ್ಯ. ವೋಟು ಕೇಳಿದವನಲ್ಲ, ನೇಮಕವಾದವನು. ಆಡಿದ್ದು ಇಷ್ಟು: "ಏನೋ... ಅರ್ಜೆಂಟ್ ಬೇಡ... ಮಲಗಿ ಎದ್ದು ನೋಡೋಣ."

ನಾನು ನಡಾವಳಿಗೆ ಬರೆದದ್ದು: "ಆತುರದಲ್ಲಿ ಹುಟ್ಟಿದ ಕಾನೂನಿಗೆ ಒಂದು ರಾತ್ರಿಯ ನಿದ್ದೆ ಬೇಕು. ಈ ಸದನವೇ ಆ ರಾತ್ರಿ."

ಕರಪತ್ರ ತಿದ್ದಿ ಪಳಗಿದ ಕೈ, ಕಸ ಕಂಡರೆ ಗುಡಿಸುತ್ತದೆ. ಬರೆದದ್ದರ ಒಂದು ಪ್ರತಿ ಆಯಾ ಸದಸ್ಯರಿಗೆ ಹೋಗಬೇಕು, ಅವರು ಓದಿ, ತಿದ್ದಿ, ಮರುದಿನ ಮಧ್ಯಾಹ್ನದೊಳಗೆ ಸಹಿ ಹಾಕಬೇಕು. ತಾತ ಒಮ್ಮೆಯೂ ಓದಿಲ್ಲ. "ನೀನು ಬರೆದ್ಮೇಲೆ ಇನ್ನೇನು ತಾಯಿ" ಎನ್ನುತ್ತಾನೆ, ಸಹಿ ಗೀಚುತ್ತಾನೆ.

ಜೂನ್ 9

ಅನಾಹುತ. ಅಕ್ಕ ನಡಾವಳಿ ಓದಿದ್ದಾಳೆ!

"ಕೇಳೇ ಇದನ್ನ — 'ಈ ಸದನವೇ ಆ ರಾತ್ರಿ.' ಎಂಥಾ ಮಾತೇ! ಇಂಥೋರಿರೋ ಮನೆ ಮುಚ್ಚೋದಾ? ನಾಳೆ ಬೋರ್ಡ್ ಬದಲಾಯಿಸ್ತೀನಿ. ರದ್ದು ಬೇಡ, ಸುಧಾರಣೆ ಸಾಕು."

"ಆ ತಾತ ಗೊರಕೆ ಹೊಡೀತಾನೆ ಕಣೇ."

"ಬಿಡೇ, ಅದು ಚಿಂತನೆ!"

ಮೈಯೆಲ್ಲ ಉರಿ. ಒಂದು ವೋಟು ಕೇಳದೆ ಒಳಬಂದವರ ಬೊಗಳೆಗೆ ಇಸ್ತ್ರಿ ಹಾಕಿ ಹಾಕಿ ಈ ಗೋಡೆಗೆ ಸಿಮೆಂಟು ಮೆತ್ತಿದವಳು ನಾನೇ. ಸುಮ್ಮನಿದ್ದರೆ ನನ್ನ ಕುರ್ಚಿ ಉಳಿಯುತ್ತದೆ...

ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಲಿಲ್ಲ.

ಜೂನ್ 11

ತಾತ ಮತ್ತೆ ಎದ್ದ. ಈ ಸಲ ಆಡಿದ್ದು ಆಡಿದ ಹಾಗೇ ಇಳಿಸಿದೆ:

"ಸಭಾಪತಿಗಳೇ... ಈ ಮನೆ... ಅಂದ್ರೆ... ಮೊದ್ಲು ಆ ಫ್ಯಾನು ಸರಿ ಮಾಡ್ಸಿ. ಹಾಂ. ಈ ಮನೆ ಬೇಕು. ಯಾಕಂದ್ರೆ... ನಮ್ಮನೇಲಿ ಸೊಸೆ ಮಧ್ಯಾಹ್ನ ಮಲಗೋಕೆ ಬಿಡಲ್ಲ."

ಜೂನ್ 12

ಸಹಿ ಬಂತು. ಓದಿಲ್ಲ. ಹನ್ನೊಂದು ವರ್ಷದ ನಂಬಿಕೆ... ಪ್ರೆಸ್ಸಿಗೆ ಕಳಿಸಿದೆ.

ಜೂನ್ 15

ಅಚ್ಚಾದ ನಡಾವಳಿ ಓದಿ ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ತಟ್ಟನೆ ನಗು ನಿಂತಿತು.

"ಹಿಂದಿನದೆಲ್ಲ ಯಾರು ಬರೆದದ್ದೇ?"

ಪಾತ್ರೆ ಉಜ್ಜಿದೆ. ಉಜ್ಜಿದ್ದನ್ನೇ ಉಜ್ಜಿದೆ.

"ಥೂ, ಮನೆಮುರುಕಿ!" ಎಂದಳು. ಹಳೇ ಬೋರ್ಡು ಹುಡುಕಲು ಅಟ್ಟ ಹತ್ತಿದಳು.

ಜೂನ್ 17

ಮತದಾನದ ದಿನ. ಫ್ಯಾನು ಇನ್ನೂ ಕೆಟ್ಟಿದೆ. ಸೆಖೆಗೆ ಕಿಟಕಿಗಳೆಲ್ಲ ತೆರೆದಿದ್ದವು.

ತಾತ ಎದ್ದ. ಕೈಯಲ್ಲಿ ಅಚ್ಚಾದ ಹಾಳೆ. ಕೆಲಸ ಹೋಯಿತು ಎಂದುಕೊಂಡೆ. ಮೊದಲ ಸಲ ಅವನ ಕಣ್ಣು ಪೂರ್ತಿ ತೆರೆದಿತ್ತು.

"ಇದು ನಂದೇ ಮಾತು. ನಾಚಿಕೆ ಆಯ್ತು, ಆದ್ರೆ ನಂದೇ. ಹಿಂದಿನದೆಲ್ಲ ಅಲ್ಲಿ ಕೂತಿದಾಳಲ್ಲ, ಆ ಹೆಣ್ಮಗಳದ್ದು." ನನ್ನತ್ತ ತಿರುಗಿದ. "ಹನ್ನೊಂದು ವರ್ಷ ನನ್ನ ಮಾತು ನೀನಾಡಿದೆ, ತಾಯಿ. ಇವತ್ತು ನಿನ್ನ ಮಾತು ನೀನಾಡು. ಈ ಮನೆ ಬೇಕಾ?"

ಸದನದಲ್ಲಿ ನಾವು ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಅಲ್ಲೇ ಸಸ್ಪೆಂಡ್. ಅವನ ಪ್ರಶ್ನೆಯನ್ನೂ ಬರೆದುಕೊಂಡೆ, ಒಂದಕ್ಷರ ತಿದ್ದದೆ. ತಲೆ ಬಗ್ಗಿಸಿದೆ. ಹಲ್ಲು ಕಚ್ಚಿದೆ. ಸಭಾಪತಿಯ ಸುತ್ತಿಗೆ ಗಾಳಿಯಲ್ಲೇ ನಿಂತಿತ್ತು.

ಆಗ ಕಿಟಕಿಯಾಚೆಯಿಂದ, ಗೇಟಿನ ಹೊರಗಿಂದ, ಅಕ್ಕನ ಗಂಟಲು —

"ಮೇಲ್ಮನೆ ನಮಗೆ..."

ಪೆನ್ಸಿಲ್ ಕೈಯಲ್ಲೇ ಇತ್ತು. ಬಾಯಿ ಮಾತ್ರ ನನ್ನ ಮಾತು ಕೇಳಲಿಲ್ಲ. ಎದ್ದು ನಿಂತಿದ್ದೆ. "ಬೇಡವೇ ಬೇಡ!"