ಮೀನಿಗೆ ಕಾಣದ ಅಂಗಿ

ಮಾರ್ಚ್ 4

ಅಪ್ಪನಿಗೆ ತಿನ್ನಿಸಿ, ಬಾಯಿ ಒರೆಸಿ, ದಿಂಬು ಏರಿಸಿ, ಶಿಫ್ಟ್‌ಗೆ ಹೊರಟಿದ್ದೆ. ಅಣ್ಣ ಬಂದ. ಲಕ್ವ ಹೊಡೆದು ಮಲಗಿದ ಅಪ್ಪನನ್ನು ನೋಡಲು ಅಲ್ಲ. ಅವರ ಗಾಳದ ಕೋಲು ಒಯ್ಯಲು.

"ಇವರಿಗೆ ಇನ್ಯಾಕೆ ಇದು?" ಅಂದ. ಅವರೆದುರೇ! ಅಪ್ಪನಿಗೆ ಮಾತು ಹೋಗಿದೆ, ಕಿವಿ ಹೋಗಿಲ್ಲ.

ಕೋಲು ಕಿತ್ತುಕೊಂಡೆ. ಮೀನಿಗೆ ನಾನು ಹೋಗ್ತೀನಿ ಅಂದೆ. ನಕ್ಕ.

"ಅಪ್ಪ ನಿನ್ನನ್ನ ಒಂದು ದಿನ ಆದ್ರೂ ಕರ್ಕೊಂಡು ಹೋಗಿದ್ರಾ? ನಿನ್ನ ಮುಖ ಕಂಡ್ರೆ ಮೀನೆಲ್ಲ ಊರು ಬಿಟ್ಟು ಹೋಗುತ್ವೆ."

ಕೊನೆಗೆ ಪಂದ್ಯ. ತಿಂಗಳ ಕೊನೆಯ ಭಾನುವಾರದೊಳಗೆ ಒಂದೇ ಒಂದು ಮೀನು ಹಿಡಿದು ತೋರಿಸಿದರೆ ಕೋಲು ನನ್ನದು. ಇಲ್ಲದಿದ್ದರೆ ಅವನದು. ಶಿಫ್ಟ್‌ಗೆ ಹನ್ನೆರಡು ನಿಮಿಷ ಲೇಟ್. ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೆ.

ಅಣ್ಣ ಹೇಳಿದ್ದು ನಿಜ, ಅದಕ್ಕೇ ಇಷ್ಟು ಉರಿ. ಅಪ್ಪ ಒಂದು ದಿನವೂ ಕರೆದೊಯ್ಯಲಿಲ್ಲ. ಇಪ್ಪತ್ತು ವರ್ಷ ಬುತ್ತಿ ಕಟ್ಟಿಕೊಟ್ಟಿದ್ದೇ ಬಂತು.

ಮಾರ್ಚ್ 7, ಭಾನುವಾರ

ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತೆ. ಹೊಳೆಯ ಕಲ್ಲುಗೋಡೆ. ನೀರು ಕನ್ನಡಿ. ಗೋಡೆಯ ಬುಡದಲ್ಲಿ ಏಳೆಂಟು ಮೀನು, ದಪ್ಪದಪ್ಪಗೆ. ಕೈ ಎತ್ತಿದೆ... ಒಂದೂ ಇಲ್ಲ!

ಅಣ್ಣ ಆ ಕಡೆ, ಅಂಗಡಿಯಿಂದ ತಂದ ಮಿಲಿಟರಿ ಥರದ ಜಾಕೆಟ್ ತೊಟ್ಟು. ಅವನಿಗೂ ಏನೂ ಸಿಗಲಿಲ್ಲ. ಕುಣಿಯಲಾರದವನು ನೆಲ ಡೊಂಕು ಅಂದ ಹಾಗೆ, ತಪ್ಪೆಲ್ಲ ನನ್ನ ಹಳದಿ ಅಂಗಿಯದ್ದಂತೆ.

ಸರಿ. ಹನ್ನೊಂದು ವರ್ಷದಿಂದ ಯೂನಿಫಾರ್ಮ್ ಹೊಲಿಯುವವಳು ನಾನು. ಮೀನಿಗೆ ಕಾಣದಂಥ ಜಾಕೆಟ್ ನಾನೇ ಹೊಲಿದುಕೊಳ್ಳುತ್ತೇನೆ.

ಮಾರ್ಚ್ 9

ಫ್ಯಾಕ್ಟರಿಯ ಕಟಿಂಗ್ ಟೇಬಲ್ ಕೆಳಗಿನ ಚೂರುಗಳು ಸಾಕಷ್ಟಾದವು. ಆಸ್ಪತ್ರೆಯವರ ಹಸಿರು, ಸೆಕ್ಯುರಿಟಿಯವರ ಕಂದು. ಚೂರುಗಳ ಅಡಿಪದರಕ್ಕೆ ಮಾತ್ರ ಮೆತ್ತನೆಯ ಬಟ್ಟೆ ಬೇಕು, ಸರಸರ ಸದ್ದು ಮಾಡಬಾರದು. ಟ್ರಂಕಿನಲ್ಲಿ ಅಪ್ಪ ಮೀನಿಗೆ ಹೋಗುವಾಗ ಹಾಕುತ್ತಿದ್ದ ಅಂಗಿ ಸಿಕ್ಕಿತು. ಒಗೆದೂ ಒಗೆದೂ, ಬಿಸಿಲಿಗೆ ಒಣಗಿಸಿ ಒಣಗಿಸಿ ಬಣ್ಣವೇ ಇಲ್ಲದ ಅಂಗಿ. ಅಮ್ಮ ಇದ್ದಾಗ ಒಮ್ಮೆ ನೆಲ ಒರೆಸಲು ತೆಗೆದಿದ್ದಳು. ಅವತ್ತು ಅಪ್ಪ ಮನೆ ತಲೆಕೆಳಗು ಮಾಡಿದ್ದರು.

ಜೇಬು ಬಿಚ್ಚಿ ಪಕ್ಕಕ್ಕಿಟ್ಟು, ಅಂಗಿಯನ್ನು ಬಕೆಟ್ಟಿನ ಹಸಿರು ಬಣ್ಣದಲ್ಲಿ ಅದ್ದಿದೆ. ಅಪ್ಪ ಮಂಚದಿಂದ ನೋಡಿದರು. ಶುರು! ಗಂಟಲಲ್ಲೇ ಕೂಗು. ಆಡುವ ಎಡಗೈಯ ಬೆರಳು ಮೇಲಕ್ಕೆ. ಫ್ಯಾನ್ ಹಾಕಿದೆ. ಇನ್ನೂ ಜೋರು ಕೂಗು, ಬೆರಳು ಮೇಲಕ್ಕೆ. ಐದಕ್ಕೆ ತಿರುಗಿಸಿದೆ. ಚಮಚ ಹಾರಿ ಗೋಡೆಗೆ ಬಡಿಯಿತು.

ನಾನೂ ಕಿರುಚಿದೆ. "ಮಗಳು ಮೀನಿಗೆ ಹೋದ್ರೆ ಅಷ್ಟು ಹೊಟ್ಟೆ ಉರಿಯುತ್ತಾ ನಿಮಗೆ? ನಿಮ್ಮ ಬಾಯಿ ಒರೆಸೋಕೆ ಮಾತ್ರ ಬೇಕಾ ನಾನು?"

ಹೇಳಬಾರದಿತ್ತು. ಹೇಳಿಯಾಯಿತು.

ಮಾರ್ಚ್ 13

ಅಪ್ಪನ ಅಂಗಿ ಕತ್ತರಿಸಿ ಅಡಿಪದರ ಮಾಡಿದ ಜಾಕೆಟ್ ಮುಗಿಯಿತು. ಒಂದು ಚೂರಿಗೂ ನೇರ ಅಂಚಿಲ್ಲ. ಎಲೆಗೆ ಯಾರು ಇಸ್ತ್ರಿ ಹಾಕುತ್ತಾರೆ? ಪ್ರತಿ ತುಂಡಿನ ಕೆಳಗಿನ ತುದಿ ಹೊಲಿಯದೆ ಬಿಟ್ಟೆ, ಗಾಳಿಗೆ ಅಲುಗಾಡಲಿ ಅಂತ. ಗುಂಡಿಗಳು ಮಿನುಗುತ್ತವೆ, ಅವಕ್ಕೂ ಬಟ್ಟೆ ಸುತ್ತಿದೆ. ಬಿಳಿ ದಾರವನ್ನು ಚಹಾದಲ್ಲಿ ನೆನೆಸಿದೆ. ಕಾಲರ್‌ಗೆ ದಪ್ಪ ಕಂದು.

ಆಚೆ ದಡದಿಂದ ಅತ್ತಿಗೆ ಫೋಟೋ ತೆಗೆದಳು. "ಅಯ್ಯೋ ಪುಟ್ಟಿ, ನೀನು ಎಲ್ಲಿದ್ದೀಯಾ?" ಗೋಡೆಯ ಮೇಲೆ, ಪೊದೆಗಳ ಮುಂದೆಯೇ ನಿಂತಿದ್ದೆ. ಕಾಣಲಿಲ್ಲವಂತೆ! ಅಣ್ಣನಿಗೆ ಫೋಟೋ ಕಳಿಸಿದೆ. ಉತ್ತರ: "ಕೆಲಸ ಇಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ."

ಮಾರ್ಚ್ 14

ಒಂದೂ ಇಲ್ಲ. ಹಳದಿ ಅಂಗಿ ಕಂಡು ಓಡಿದ್ದಕ್ಕಿಂತ ಬೇಗ ಓಡಿದವು.

ಮಾರ್ಚ್ 21, ಸಂಜೆ

ಒದ್ದೆ ಬಟ್ಟೆಯಲ್ಲೇ ಕೂತು ಬರೆಯುತ್ತಿದ್ದೇನೆ.

ಗಾಳ ಗೋಡೆಯ ಬುಡದ ಪಾಚಿಗೆ ಸಿಕ್ಕಿಕೊಂಡಿತು. ಅದು ಅಪ್ಪನ ಗಾಳ, ಬಿಟ್ಟು ಬರಲಾರೆ. ಜಾಕೆಟ್ ಬಿಚ್ಚಿ ಗೋಡೆಯ ಕಂಬಿಗೆ ನೇತುಹಾಕಿ ನೀರಿಗಿಳಿದೆ. ಮುಳುಗಿ ಗಾಳ ಬಿಡಿಸಿದೆ. ಕಣ್ಣು ಬಿಟ್ಟು ಮೇಲೆ ನೋಡಿದೆ.

ಮೇಲೆ ಪೊದೆ ಇಲ್ಲ. ಎಲೆ ಇಲ್ಲ. ಬರೀ ಆಕಾಶ, ಬೆಳ್ಳಗೆ. ಅದರ ನಡುವೆ ನನ್ನ ಜಾಕೆಟ್, ಇದ್ದಿಲಿನ ಹಾಗೆ ಕಪ್ಪಗೆ! ಒಂದು ಬಿಳಿ ಕೊಕ್ಕರೆ ಹಾರಿಹೋಯಿತು. ಅದು ಕಂಡೂ ಕಾಣದ ಹಾಗಿತ್ತು.

ಆಚೆ ದಡದ ಕಣ್ಣಿಗೆ ಕಾಣದ ಹಾಗೆ ಹೊಲಿದಿದ್ದೆ. ಮೀನು ಆಚೆ ದಡದಲ್ಲಿ ಕೂತಿರುತ್ತದಾ, ಮೂರ್ಖಳೇ?

ಅಪ್ಪನ ಬಣ್ಣವಿಲ್ಲದ ಆ ಅಂಗಿ. ಇಪ್ಪತ್ತು ವರ್ಷ ಬಿಸಿಲಿಗೆ ಹಾಕಿ ಹಾಕಿ ಆಕಾಶದ ಬಣ್ಣಕ್ಕೆ ತಂದದ್ದು. ಬಕೆಟ್ಟಿನಲ್ಲಿ ಅದ್ದಿದೆ. ಕತ್ತರಿಸಿದೆ. ಅವರು ಬೆರಳು ಮೇಲೆತ್ತಿ ಹೇಳಿದರು, ಆಕಾಶ ಅಂತ.

ನಾನು ಫ್ಯಾನ್ ಹಾಕಿದೆ.

ಮಾರ್ಚ್ 22

ಅಣ್ಣನನ್ನು ಕೇಳಿದೆ, ಅಪ್ಪ ಯಾವಾಗಲೂ ಆ ಅಂಗಿಯನ್ನೇ ಯಾಕೆ ಹಾಕುತ್ತಿದ್ದರು ಅಂತ.

"ಜಿಪುಣತನ, ಇನ್ನೇನು. ನಂಗೂ ನಾಚಿಕೆ ಆಗ್ತಿತ್ತು."

ಇಪ್ಪತ್ತು ವರ್ಷ ಜೊತೆಗೆ ಕರೆದೊಯ್ದವನಿಗೂ ಹೇಳಿಲ್ಲ! ಹೇಳಲು ಹೊರಟದ್ದು ನನಗೊಬ್ಬಳಿಗೆ. ಅದೂ ಬಾಯಿ ಹೋದ ಮೇಲೆ.

ಮೊದಲೇ ಹೇಳಬಹುದಿತ್ತಲ್ಲ ಅಪ್ಪ? ನನ್ನನ್ನೂ ಕರೆದೊಯ್ಯಬಹುದಿತ್ತಲ್ಲ? ಇವತ್ತು ಸಿಟ್ಟು ಯಾರ ಮೇಲೆ ಅಂತ ನನಗೇ ಗೊತ್ತಾಗುತ್ತಿಲ್ಲ. ಎಲ್ಲರ ಮೇಲೂ. ಜಾಸ್ತಿ ನನ್ನ ಮೇಲೆ.

ಮಾರ್ಚ್ 25

ಅವರ ಮುಂದೆ ಕೂತು ಹೇಳಿದೆ. ನೀರಿನ ಕೆಳಗಿಂದ ನೋಡಿದೆ ಅಪ್ಪ, ತಪ್ಪಾಯ್ತು ಅಂತ. ಮುಖ ಗೋಡೆಗೆ ತಿರುಗಿಸಿಕೊಂಡರು. ನನ್ನ ಕೈಯಿಂದ ತಿನ್ನಲೂ ಇಲ್ಲ, ಅತ್ತಿಗೆ ಬರಬೇಕಾಯಿತು. ಮೂಗಿನ ತುದಿಯ ಕೋಪ ಲಕ್ವಕ್ಕೂ ಜಗ್ಗಿಲ್ಲ. ಇರಲಿ. ಈ ಕೋಪ ನ್ಯಾಯವಾದದ್ದು.

ಬಿಚ್ಚಿಟ್ಟಿದ್ದ ಜೇಬು ಚೂರುಗಳ ಚೀಲದಲ್ಲಿ ಸಿಕ್ಕಿತು. ಬಣ್ಣಕ್ಕೆ ಹಾಕದೆ ಉಳಿದದ್ದು ಅದೊಂದೇ. ಅಂಚಿನಲ್ಲಿ ಗಾಳದ ತುಕ್ಕಿನ ಕಲೆ. ಹೊಸ ಅಂಗಿಗೆ ಅಂತ ಹಳೆಯ ಬೆಡ್‌ಶೀಟ್ ಹರಿದು ಜೇಬಿನ ಪಕ್ಕ ಹಿಡಿದೆ. ಶೀಟಿಗೆ ಇನ್ನೂ ನೀಲಿ ಹೆಚ್ಚು. ಬ್ಲೀಚಿಂಗ್ ಪೌಡರ್‌ನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ... ಇಪ್ಪತ್ತು ವರ್ಷದ ಕೆಲಸಕ್ಕೆ ನನಗಿರುವುದು ಮೂರು ದಿನ. ಜೇಬನ್ನು ಅಪ್ಪನ ಎಡಗೈಯಲ್ಲಿಟ್ಟೆ. ಮುಷ್ಟಿ ಬಿಗಿಯಿತು.

ಮಾರ್ಚ್ 28, ಭಾನುವಾರ, ಬೆಳಿಗ್ಗೆ 6:50

ಕೊನೆಯ ದಿನ. ಏಳಕ್ಕೆ ಅಣ್ಣ ಬರುತ್ತಾನೆ, ಹೊಳೆಗೆ ಹೋಗಲು.

ಹೊಸ ಅಂಗಿ ತೊಟ್ಟು ಅಪ್ಪನ ಮಂಚದ ಮುಂದೆ ನಿಂತೆ. ನೋಡಲಿಲ್ಲ. ಕಿಟಕಿಯ ಪರದೆ ಸರಿಸಿ, ಸ್ಟೂಲ್ ಹತ್ತಿ, ಆಕಾಶಕ್ಕೆ ಬೆನ್ನು ಮಾಡಿ ನಿಂತೆ. ಆಗ ಕತ್ತು ತಿರುಗಿತು. ಸುಮಾರು ಹೊತ್ತು ನೋಡಿದರು. ಜೇಬು ಬಿಗಿಹಿಡಿದಿದ್ದ ಎಡಗೈಯಿಂದಲೇ ದಿಂಬನ್ನು ಎಳೆದೂ ಎಳೆದೂ ನೆಲಕ್ಕೆ ಹಾಕಿದರು. ಎತ್ತಲು ಇಳಿದೆ. ಗದರಿದರು! ಮತ್ತೆ ಸ್ಟೂಲ್ ಹತ್ತಿದೆ. ದಿಂಬಿಲ್ಲದೆ, ತಲೆ ಹಾಸಿಗೆಗೆ ಅಂಟಿಸಿ, ಆದಷ್ಟೂ ಕೆಳಗಿನಿಂದ ನೋಡುತ್ತಿದ್ದರು. ಮೀನಿನ ಜಾಗದಿಂದ.

ಬೆರಳು ಎದ್ದಿತು. ನನ್ನ ಕತ್ತಿನ ಕಡೆಗೆ. ಕಾಲರ್. ಹಳೆಯ ಜಾಕೆಟ್ಟಿನಿಂದ ಬಿಚ್ಚಿ ಹಾಕಿದ್ದ ಕಂದು ಕಾಲರ್. ಅಚ್ಚುಕಟ್ಟಾಗಿ ಕಾಣಲಿ ಅಂತ ಹಾಕಿದ್ದೆ, ನನ್ನ ಬುದ್ಧಿಗಿಷ್ಟು... "ಬಿಚ್ಚಲಾ ಅಪ್ಪ?" ಅಂದೆ. ಇಷ್ಟು ವರ್ಷದಲ್ಲಿ ಮೊದಲ ಬಾರಿ ಜೊತೆಗೆ ಮೀನಿಗೆ ಹೊರಟವಳ ಮೇಲೆ ರೇಗುವ ಹಾಗೆ ರೇಗಿದರು. ಎಡಗೈ ಬೀಸಿ, ಬೇಗ ಅನ್ನುವ ಹಾಗೆ.

ಕಾಲರ್ ಬಿಚ್ಚಿದೆ. ಈಗ ಮುಷ್ಟಿಯೂ ಬಿಚ್ಚಿದ್ದಾರೆ. ಜೇಬನ್ನು ನನ್ನ ಕಡೆ ಚಾಚಿ ಹಿಡಿದಿದ್ದಾರೆ. ಅಣ್ಣ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಹೊಡೆಯಲಿ, ಕಾಯಲಿ. ಸೂಜಿಗೆ ದಾರ ಪೋಣಿಸಿದೆ. ಜೇಬು ಎಡಗಡೆಗೆ, ಅವರದ್ದು ಇದ್ದ ಜಾಗದಲ್ಲೇ —